ಬಿಡಾರದ ದೀಪ

ಮಾಸ್ತರು ತೀರಿಕೊಂಡು ಇವತ್ತಿಗೆ ಒಂದು ವಾರ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. “ಫೋಟೋದಲ್ಲಿ ಮನುಷ್ಯರು ಬಂದ್ರೆ ಎಲ್ಲರೂ ಮನುಷ್ಯರನ್ನೇ ನೋಡ್ತಾರೆ ಅಕ್ಕೋರೆ, ಹಿಂದಿನ ಗೋಡೆ ಪಾಪ ಸುಮ್ಮನೆ ನಿಂತಿರ್ತದೆ” ಎನ್ನುತ್ತಿದ್ದವರು ಅವರು. ಹೆಸರು ಹಾಕಿದರೆ ನಮ್ಮ ಕಡೆಯವರು ಯಾವ ಊರು, ಯಾರ ಪೈಕಿ, ಯಾರ ಮನೆ ಅಳಿಯ ಎಂದು ಹುಡುಕಲು ಕೂರುತ್ತಾರೆ. ಹಿಂದಿನ ಗೋಡೆ ಅಲ್ಲೇ ಉಳಿಯುತ್ತದೆ. ಅದಕ್ಕೇ ಬರೀ ಮಾಸ್ತರು ಎಂದಿರಲಿ.

ನಾನು ಗಣಿತ ಕಲಿಸುವವಳು. ಉತ್ತರ ಬರದಿದ್ದರೆ ಎಲ್ಲೋ ಕೂಡಿಸುವುದರಲ್ಲಿ ತಪ್ಪಾಗಿದೆ, ಮತ್ತೊಮ್ಮೆ ಮೇಲಿಂದ ಮಾಡು ಎಂದು ಹುಡುಗರಿಗೆ ಗದರಿಸಿಕೊಂಡೇ ಇಷ್ಟು ವರ್ಷ ಸಂಬಳ ಎಣಿಸಿದ್ದೇನೆ. ಮಾಸ್ತರ ಮನೆಯ ಲೆಕ್ಕವನ್ನು ಎಷ್ಟು ಸಲ ಮೇಲಿಂದ ಮಾಡಿದರೂ ಉತ್ತರ ಬರುವುದಿಲ್ಲ. ಸಿಟ್ಟು ಬರುತ್ತದೆ. ಯಾರ ಮೇಲೆ ಅಂತ ಗೊತ್ತಾಗುವುದಿಲ್ಲ, ಅದಕ್ಕೆ ಇನ್ನಷ್ಟು ಸಿಟ್ಟು ಬರುತ್ತದೆ.

ಎಂಬತ್ತರ ದಶಕದ ಶುರುವಿನಲ್ಲಿ ನಾನು ಕಾರವಾರದ ಒಂದು ಹೈಸ್ಕೂಲಿಗೆ ಹೊಸದಾಗಿ ಬಂದಾಗ ಅವರು ಅಲ್ಲಿ ಡ್ರಾಯಿಂಗ್ ಮಾಸ್ತರು. ಉದ್ದ ಆಳು, ಬಿಳಿ ಪೈಜಾಮ, ಬಿಳಿ ಅಂಗಿ, ಹೆಗಲಲ್ಲಿ ಚರ್ಮದ ಚೀಲ, ಅದರೊಳಗೆ ಒಂದು ಹಳೇ ಕ್ಯಾಮರಾ. ಹುಡುಗರಿಗೆ ಹೂಜಿ, ಬಾಳೆಹಣ್ಣು ಬರೆಸುವುದು ಬಿಟ್ಟು, ಒರೆಸಿದ ಕಪ್ಪುಹಲಗೆಯ ಚಿತ್ರ ಬರೆಯಿರಿ ಎನ್ನುತ್ತಿದ್ದರು. ಹುಡುಗರು ಕಾಗದಕ್ಕೆ ಪೂರ್ತಿ ಕಪ್ಪು ಬಳಿದು ತಂದರೆ, “ಒರೆಸಿದ ಅಕ್ಷರ ಎಲ್ಲೋ? ಒರೆಸಿದ್ದೂ ಕಾಣ್ತದೆ, ಸರಿಯಾಗಿ ನೋಡು” ಎಂದು ವಾಪಸು ಕಳಿಸುತ್ತಿದ್ದರು. ಮುಂದಿನ ಪಿರಿಯಡ್ಡು ನನ್ನದು. ಕೈಯೆಲ್ಲ ಮಸಿ ಮಾಡಿಕೊಂಡ ಹುಡುಗರಿಗೆ ಬೀಜಗಣಿತ ಹೇಳಿಕೊಡುವ ಪಾಡು ನನಗೇ ಗೊತ್ತು.

ಭಾನುವಾರ ಬಂತೆಂದರೆ ಸೈಕಲ್ ಹತ್ತಿ ಹೊರಡುತ್ತಿದ್ದರು. ಊರಿನ ಸ್ಟುಡಿಯೋದವರು ಮದುವೆ, ಮುಂಜಿ, ಮಗುವಿನ ನಾಮಕರಣಕ್ಕೆ ಕ್ಯಾಮರಾ ಎತ್ತಿದರೆ ಇವರು ಎತ್ತುತ್ತಿದ್ದುದು ಇಂಥವಕ್ಕೆ: ಬಂದರಿನಲ್ಲಿ ಉಪ್ಪುಗಾಳಿ ತಿಂದ ಕಬ್ಬಿಣದ ಕಂಬ, ಬೇಲೆಕೇರಿಯಲ್ಲಿ ಮಗುಚಿ ಹಾಕಿದ ದೋಣಿಯ ಹೊಟ್ಟೆ, ಚಹಾದಂಗಡಿಯ ಬೆಂಚಿನ ಮೇಲೆ ಬಿಸಿ ಗ್ಲಾಸು ಇಟ್ಟು ಇಟ್ಟು ಬಿದ್ದ ಉಂಗುರ, ಬಾವಿಕಟ್ಟೆಗೆ ಹಗ್ಗ ತಿಕ್ಕಿ ಆದ ಗೀರು, ಬಾಗಿಲಿನಲ್ಲಿ ಎಲ್ಲರೂ ಕೈ ಇಡುವಲ್ಲಿ ಬಣ್ಣ ಹೋದ ಜಾಗ. ಸ್ಟಾಫ್ ರೂಮಿನಲ್ಲಿ ನಮಗೆ ತಮಾಷೆಗೆ ಇವರೇ ಸಾಕಿತ್ತು.

“ಮಾಸ್ತರು ಈ ಭಾನುವಾರ ಎಲ್ಲಿಗೆ ಸವಾರಿ?”

“ಅಂಕೋಲೆ ಕಡೆ ಒಂದು ಗೋಡೆ ನೋಡೂಕೆ ಹೋಗ್ತಾರಂತೆ. ಜಾತಕ ಕೂಡಿಬಂದ್ರೆ ಮೇ ತಿಂಗಳಲ್ಲಿ ಲಗ್ನ.”

ಮಾಸ್ತರು ನಗುತ್ತಿದ್ದರು. ಬೇಸರ ಮಾಡಿಕೊಂಡದ್ದು ನಾನು ಕಂಡಿಲ್ಲ. ಹೆಡ್ಮಾಸ್ತರು ನಿವೃತ್ತರಾದಾಗ ಗ್ರೂಪ್ ಫೋಟೋ ತೆಗೆಯುವ ಕೆಲಸ ಇವರ ತಲೆಗೇ ಬಂತು. ನಾವೆಲ್ಲ ಇಸ್ತ್ರಿ ಸೀರೆ ಉಟ್ಟು, ಹಾರ ಹಾಕಿದ ಹೆಡ್ಮಾಸ್ತರ ಎಡಬಲಕ್ಕೆ ನಿಂತೆವು. ಫೋಟೋ ಬಂದಾಗ ನೋಡಿದರೆ ನಮ್ಮ ಮುಖಗಳೆಲ್ಲ ಮಂಜು ಮಂಜು, ಹಿಂದಿನ ಗೋಡೆಯ ಬಿರುಕು ಮಾತ್ರ ಕೂದಲೆಳೆಯಷ್ಟು ಸ್ಪಷ್ಟ. ಹೆಡ್ಮಾಸ್ತರು ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, “ನನ್ನ ಕಾಲದಲ್ಲೇ ಬಿದ್ದ ಬಿರುಕು, ಇರಲಿ ಬಿಡಿ” ಎಂದರಂತೆ. ಮಾಸ್ತರಿಗೆ ಅದರಿಂದ ಬುದ್ಧಿ ಬರಲಿಲ್ಲ, ಧೈರ್ಯ ಬಂತು.

ಬುಟ್ಟಿ ಕಟ್ಟುವ ಹುಚ್ಚು ಹಿಡಿದದ್ದು ಆಮೇಲೆ. ದೀಪಾವಳಿಗೆ ಮುಂಚೆ ಶಾಲೆಯಲ್ಲಿ ಆಕಾಶಬುಟ್ಟಿಯ ಸ್ಪರ್ಧೆ ಇರುತ್ತಿತ್ತು. ಹುಡುಗರು ಬಣ್ಣದ ಕಾಗದದ ನಕ್ಷತ್ರ, ವಿಮಾನ, ಕಮಲ ಮಾಡಿಕೊಂಡು ಬರುತ್ತಿದ್ದರು. ಒಂದು ವರ್ಷ ಮಾಸ್ತರು ತಾವೂ ಒಂದು ಕಟ್ಟಿ ತಂದರು. ಬಿದಿರಿನ ಸೀಳುಗಳ ಆರು ಮೂಲೆಯ ಚೌಕಟ್ಟು, ಅದಕ್ಕೆ ತಮ್ಮ ಫೋಟೋಗಳನ್ನೇ ಹೊದಿಸಿದ್ದರು. ಫೋಟೋವನ್ನು ತೆಳು ಕಾಗದದ ಮೇಲೆ ದೊಡ್ಡದಾಗಿ ತೊಳೆದು, ಹಿಂಬದಿಗೆ ಹತ್ತಿಯಿಂದ ಕೊಬ್ಬರಿ ಎಣ್ಣೆ ತಿಕ್ಕಿ, ಬಿಸಿಲಲ್ಲಿ ಇಟ್ಟರೆ ಕಾಗದ ಪೊರೆ ಕಳಚಿದ ಹಾಗೆ ತಿಳಿಯಾಗಿ ಬೆಳಕು ಬಿಡುತ್ತದೆ. ಅಂಟು ಮೈದಾದ್ದು. ಜಿರಲೆ ತಿನ್ನಬಾರದೆಂದು ಅದಕ್ಕೆ ಚಿಟಿಕೆ ಮೈಲುತುತ್ತ. ಹಗಲು ನೋಡಿದರೆ ಯಾರೋ ಬಿಸಾಡಿದ ಜಿಡ್ಡು ಕಾಗದ. ಒಳಗೆ ಬಲ್ಬು ಹಾಕಿದ ಕೂಡಲೇ ಗೋಡೆ ಎದ್ದು ಬರುತ್ತಿತ್ತು, ಮುಟ್ಟಿದರೆ ಕೈಗೆ ಸುಣ್ಣ ಹತ್ತುತ್ತದೆ ಎನ್ನಿಸುವಷ್ಟು. ಬಹುಮಾನ ನಕ್ಷತ್ರಕ್ಕೇ ಹೋಯಿತು. ನಾನು ತೀರ್ಪುಗಾರರಲ್ಲಿ ಒಬ್ಬಳು, ನಾನೂ ನಕ್ಷತ್ರಕ್ಕೇ ಕೊಟ್ಟೆ, ಈಗಲೂ ಕೊಡುತ್ತೇನೆ. ಹಬ್ಬದ ದಿನ ಮನೆ ಮುಂದೆ ಲಡ್ಡಾದ ಬಾಗಿಲು ಯಾರು ತೂಗುಹಾಕುತ್ತಾರೆ?

ಅವರು ತೂಗುಹಾಕುತ್ತಿದ್ದರು. ಕಾರವಾರದಿಂದ ದಕ್ಷಿಣಕ್ಕೆ ಸಮುದ್ರದಂಡೆಯ ಊರಿನಲ್ಲಿ ಅವರ ಮನೆ. ದೀಪಾವಳಿಯ ಸಂಜೆ ನಾನೂ ಒಂದೆರಡು ಸಲ ಹೋಗಿದ್ದೆ. ಅಲ್ಲಿ ಅವರ ಹೆಂಡತಿ, ನಾವೆಲ್ಲ ವೈನಿ ಎನ್ನುತ್ತಿದ್ದೆವು. ಗುಂಡಗಿನ ಮೈ, ಗಟ್ಟಿ ದನಿ. ನನ್ನನ್ನು ಕಂಡರೆ “ಬಾ ತಂಗಿ, ನೋಡು, ಊರಿಗೆಲ್ಲ ಹಬ್ಬ, ನಮ್ಮನೆಗೆ ಮಾತ್ರ ಆಚೆಮನೆಯವರ ಹಳೇ ಬಾಗಿಲು” ಎಂದು ಶುರುಮಾಡುತ್ತಿದ್ದರು. ಮಕ್ಕಳಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಮಕ್ಕಳ ಹಾಗೆ ಬೈದುಕೊಂಡು ಇದ್ದರು.

ಆ ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ಗೂಡು. ವೈನಿ ಮದುವೆಯಾಗಿ ಬಂದ ದಿನದಿಂದ ಸಂಜೆ ದೀಪ ಹಚ್ಚಿ ಇಡುತ್ತಿದ್ದುದು ಅಲ್ಲಿ. ಗೂಡಿನ ಮೇಲೆ ಗೋಡೆಯುದ್ದಕ್ಕೂ ಮಸಿ ಏರಿ, ಮೇಲೆ ಹೋಗುತ್ತಾ ತೆಳುವಾಗಿತ್ತು. ವರ್ಷ ವರ್ಷ ಮನೆಗೆ ಸುಣ್ಣ ಹೊಡೆಸುವಾಗ ಆ ಮಸಿಯ ಜಾಗ ಮಾತ್ರ ಬಿಡಿಸುತ್ತಿದ್ದರು. ಕೇಳಿದ್ದಕ್ಕೆ, “ನಿಮ್ಮ ಶಾಲೆಲಿ ದಿನಾ ಹಾಜರಿ ಹಾಕ್ತಾರಲ್ಲ, ಇದು ನನ್ನ ಹಾಜರಿ ತಂಗಿ. ಜ್ವರ ಬರಲಿ, ಮಳೆ ಬರಲಿ, ಒಂದು ದಿನ ತಪ್ಪಿಸಲಿಲ್ಲ” ಎಂದಿದ್ದರು. ಮುಟ್ಟು ಮೈಲಿಗೆಯ ದಿನ ಏನು ಮಾಡುತ್ತಿದ್ದಿರಿ ಎಂದು ನಾನು ಕೇಳಿದೆ. ಲೆಕ್ಕದವಳಲ್ಲವೇ. “ಆವಾಗ ಇವರು ಹಚ್ತಿದ್ರು. ಆದ್ರೂ ಬತ್ತಿ ನಾನೇ ಹೊಸೆದದ್ದು” ಎಂದು ನಕ್ಕರು.

ಆ ಊರುಗಳ ಜಾಗವೆಲ್ಲ ನೌಕಾನೆಲೆಗೆ ಹೋಗುತ್ತದೆ ಎಂಬ ಸುದ್ದಿ ವರ್ಷಗಟ್ಟಲೆ ಓಡಾಡಿ, ಕೊನೆಗೆ ಒಂದು ದಿನ ಮನೆಗಳನ್ನು ಅಳೆದು, ಫೋಟೋ ತೆಗೆದು ಪರಿಹಾರ ಗೊತ್ತುಮಾಡಲು ಬರುತ್ತಾರೆ ಎಂದಾಯಿತು. ಊರಿಗೆ ಊರೇ ಏನು ಮಾಡಿತು ಗೊತ್ತೇ? ಸುಣ್ಣ ಹೊಡೆಯಿತು. ಕೆಡವಲು ಅಳೆಯುವವರು ಬರುತ್ತಾರೆಂದು ಮನೆ ಮನೆಗೆ ಸುಣ್ಣ, ಅಂಗಳಕ್ಕೆ ಸೆಗಣಿ, ಬಾಗಿಲಿಗೆ ಬಣ್ಣ. ನಮ್ಮವರೇ ಹೀಗೆ. ಯಾರೇ ಬರಲಿ, ಯಾತಕ್ಕೇ ಬರಲಿ, ಬರುವವರ ಎದುರು ಮನೆ ಕೊಳಕು ಕಾಣಬಾರದು.

ಮಾಸ್ತರೂ ಹೊಡೆಸಿದರು. ಇಡೀ ಜಿಲ್ಲೆಯ ಬಿರುಕು, ಪಾಚಿ, ತುಕ್ಕು ಹುಡುಕಿಕೊಂಡು ಅಲೆದವರು ತಮ್ಮ ಮನೆಗೆ ಎರಡು ಕೈ ಸುಣ್ಣ ಹೊಡೆಸಿದರು. ಕಪ್ಪು ಗೋಡೆ ಕಂಡರೆ ಹಳೇ ಮನೆ ಎಂದು ಕಮ್ಮಿ ಬರೆದುಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದರಂತೆ. ವೈನಿ ಆಗ ಅಗಸೂರಿನ ತಮ್ಮನ ಮನೆಗೆ ಹೋಗಿದ್ದರು. ವಾಪಸು ಬಂದು ಸಂಜೆ ದೀಪ ಹಚ್ಚಲು ಹೋದರೆ ಗೂಡಿನ ಮೇಲೆ ಬೆಳ್ಳಗಿನ ಗೋಡೆ. ಮಾಸ್ತರನ್ನು ಬೈಯಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು ಎಂದು ಮಾಸ್ತರು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾರೆ. “ನನ್ನ ಹಾಜರಿ ಅಳಿಸಿದ್ರಲ್ಲ” ಎಂದಷ್ಟೇ ಅಂದು ದೀಪ ಹಚ್ಚಿದರಂತೆ.

ಆ ಮಸಿಯ ಫೋಟೋ ಒಂದೂ ಇರಲಿಲ್ಲ. ಊರವರ ಗೋಡೆಗಳೆಲ್ಲ ಪೆಟ್ಟಿಗೆ ತುಂಬ ಇದ್ದವು, ಆಚೆಮನೆಯ ಬಾಗಿಲು, ಈಚೆಮನೆಯ ಬಾವಿಕಟ್ಟೆ, ಕೆಳಗಿನ ಮನೆಯ ಮೆಟ್ಟಿಲು. ತಮ್ಮದು ಇಲ್ಲ. “ಮನೇದು ಎಲ್ಲಿ ಹೋಗ್ತದೆ, ನಾಳೆ ತೆಗೆದ್ರಾಯ್ತು ಅಂದ್ಕೊಂಡಿದ್ದೆ” ಎಂದರು. ಎಲ್ಲರೂ ಹಾಗೇ ಅಂದುಕೊಳ್ಳುವುದು.

ಅಷ್ಟರೊಳಗೆ ನನಗೆ ಅಂಕೋಲೆಗೆ ವರ್ಗವಾಗಿತ್ತು. ನೌಕಾನೆಲೆಗಾಗಿ ಅವರ ಊರು ಖಾಲಿಯಾಗುವ ಹೊತ್ತಿಗೆ ಮಾಸ್ತರೂ ನಿವೃತ್ತರಾಗಿದ್ದರು. ನಾನಿದ್ದ ಮನೆಯ ಇನ್ನೊಂದು ಪಾಲು ಖಾಲಿಯಿತ್ತು, ನಾನೇ ಒಡೆಯರ ಹತ್ತಿರ ಮಾತಾಡಿ ಕೊಡಿಸಿದೆ. ನಡುವೆ ಒಂದೇ ಗೋಡೆ. ಅವರ ಕೆಮ್ಮು ನನಗೆ, ನನ್ನ ರೇಡಿಯೋ ಅವರಿಗೆ. ವೈನಿ ಬಂದ ದಿನವೇ ಹೇಳಿದರು, “ಚಂದ ಅದೆ ಬಿಡಾರ.” ಬಿಡಾರವೆಂದರೆ ನಮ್ಮ ಕಡೆ ಬಾಡಿಗೆಗೆ ಇರುವ ಜಾಗ, ಸಂಸಾರ ಇಳಿಸಿಕೊಂಡ ಜಾಗ. ಮನೆಯೆಂದರೆ ಬೇರೆ. ಅಂಕೋಲೆಯ ಆ ಪಾಲನ್ನು ಅವರು ಒಂದು ದಿನವೂ ಮನೆ ಎನ್ನಲಿಲ್ಲ.

ಮರೆವು ಶುರುವಾದದ್ದು ಮೊದಲಿಗೆ ಉಪ್ಪಿನಲ್ಲಿ. ಸಾರಿಗೆ ಎರಡು ಸಲ ಬೀಳುತ್ತಿತ್ತು, ಇಲ್ಲ ಬೀಳುತ್ತಲೇ ಇರಲಿಲ್ಲ. ಆಮೇಲೆ ಹೆಸರುಗಳು ಹೋದವು. ಆಮೇಲೆ ಒಂದು ಸಂಜೆ ವೈನಿಯೇ ಕಾಣಲಿಲ್ಲ. ನಾನೂ ಮಾಸ್ತರೂ ದಿಕ್ಕಿಗೊಬ್ಬರಂತೆ ಓಡಿದೆವು. ಹಟ್ಟಿಕೇರಿಯ ಹತ್ತಿರ ಹೆದ್ದಾರಿಯ ಅಂಚಿನಲ್ಲಿ, ಬೇಲೆಕೇರಿಗೆ ಅದಿರು ಒಯ್ಯುವ ಲಾರಿಗಳು ಹೋಗುವ ದಾರಿಯಲ್ಲಿ, ಬಡಗು ಮುಖ ಮಾಡಿ ನಡೆಯುತ್ತಿದ್ದವರನ್ನು ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಕೈ ಹಿಡಿದು ಕರೆತಂದಳು. “ನಿಮ್ಮ ಅಬ್ಬೆಯನ್ರಾ? ಕಣ್ಣಾಯ್ಸಿ ಇಟ್ಕಣಿ, ಲಾರಿ ಅಡಿಗೆ ಬಿದ್ದು ಸತ್ತೋಗೂದು” ಎಂದು ನನಗೇ ಬೈದಳು.

“ಎಲ್ಲಿಗೆ ಹೊರಟಿದ್ರಿ ವೈನಿ?”

“ಮನೆಗೆ. ಮೂರುಸಂಜೆ ಆಯ್ತಲ್ಲ ತಂಗಿ. ದೀಪ ಹಚ್ಚೂಕೆ ಬೇಡ್ವಾ? ಮನೆ ಕತ್ಲು ಅದೆ.”

“ಇಲ್ಲಿ ಹಚ್ಚಿದ್ರಲ್ಲ ಆಗಲೇ?”

“ಇದು ಬಿಡಾರದ ದೀಪ. ಮನೆ ದೀಪ ಬೇರೆ.”

ಅಲ್ಲಿಂದ ಮುಂದೆ ಪ್ರತಿ ಸಂಜೆ ಇದೇ ಪಾಡು. ಹಗಲೆಲ್ಲ ಸುಮ್ಮನೆ ಇದ್ದವರು ಬೆಳಕು ಕಂತುವ ಹೊತ್ತಿಗೆ ಸೆರಗು ಬಿಗಿದು ಎದ್ದು ಹೊರಡುತ್ತಿದ್ದರು. ಬಾಗಿಲು ಹಾಕಿದರೆ ಬಾಗಿಲು ಬಡಿದು ಅಳುತ್ತಿದ್ದರು. ಆ ಅಳು ಕೇಳಿ ನಾನು ಗೋಡೆಯ ಈಚೆ ಪೇಪರ್ ತಿದ್ದುತ್ತಾ ಕೂತು ಬರೀ ತಪ್ಪು ಅಂಕ ಹಾಕುತ್ತಿದ್ದೆ. ಕಾರವಾರದ ಡಾಕ್ಟರು ನಿದ್ದೆಗೆ ಮಾತ್ರೆ ಕೊಟ್ಟರು. ಇದಕ್ಕೆ ಬೇರೆ ಔಷಧ ಇಲ್ಲ, ನೋಡಿಕೊಳ್ಳಿ ಎಂದರು. ನೋಡಿಕೊಳ್ಳುವುದು ಹೇಗೆ ಎಂದು ಯಾರೂ ಹೇಳುವುದಿಲ್ಲ.

ಆಗ ಮಾಸ್ತರಿಗೆ ಬುಟ್ಟಿಯ ಯೋಚನೆ ಬಂತು. ಊರಿನ ಗೋಡೆ ಕಂಡರೆ ಊರಲ್ಲೇ ಇದ್ದೇನೆ ಎಂದುಕೊಂಡಾಳು ಎಂದು. ಹಳೇ ಪೆಟ್ಟಿಗೆ ತೆಗೆದು, ಬಚ್ಚಲು ಮನೆಗೆ ಕೆಂಪು ಬಲ್ಬು ಕಟ್ಟಿ, ರಾಸಾಯನಿಕದ ವಾಸನೆ ನನ್ನ ಅಡುಗೆಮನೆಯ ತನಕ ಎಬ್ಬಿಸಿ, ಆಚೆಮನೆಯ ಬಾಗಿಲನ್ನೂ ಈಚೆಮನೆಯ ಬಾವಿಕಟ್ಟೆಯನ್ನೂ ಕೆಳಗಿನ ಮನೆಯ ಮೆಟ್ಟಿಲನ್ನೂ ದೊಡ್ಡದಾಗಿ ತೊಳೆದರು. ನಾನು ಎಣ್ಣೆ ತಿಕ್ಕಿಕೊಟ್ಟೆ. ಮೂರು ಬುಟ್ಟಿ ಪಡಸಾಲೆಯಲ್ಲಿ ತೂಗಿದವು. ಮೂರುಸಂಜೆಗೆ ಸ್ವಿಚ್ ಹಾಕಿ ಇಬ್ಬರೂ ವೈನಿಯ ಮುಖ ನೋಡುತ್ತಾ ನಿಂತೆವು.

ವೈನಿ ನೋಡಿದರು. ಗುರುತು ಹಿಡಿದರು. ಅಷ್ಟು ಚೆನ್ನಾಗಿ ಹಿಡಿಯುತ್ತಾರೆಂದು ನಾವು ಅಂದುಕೊಂಡಿರಲಿಲ್ಲ. ಗಂಡನ ಹೆಸರು ಮರೆತವರು ಒಂದೊಂದು ಬಾಗಿಲಿನ ಯಜಮಾನರ ಹೆಸರು ಹೇಳಿದರು, ಮೆಟ್ಟಿಲು ಯಾವ ಮಳೆಗಾಲದಲ್ಲಿ ಒಡೆಯಿತು ಎಂದೂ ಹೇಳಿದರು. ಮಾಸ್ತರ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ವೈನಿಯ ಮುಖ ಗಾಬರಿಯಾಯಿತು.

“ಅಯ್ಯೋ, ಆಚೆಮನೆಯವರು ದೀಪ ಹಚ್ಚಾಯ್ತು. ಕೆಳಗಿನವರೂ ಹಚ್ಚಾಯ್ತು. ನಮ್ಮನೆ ಒಂದೇ ಕತ್ಲು” ಎಂದು ದಿನಕ್ಕಿಂತ ಜೋರಾಗಿ ಬಾಗಿಲ ಕಡೆ ನಡೆದರು.

ಮಾಸ್ತರು ಬಾಗಿಲಿಗೆ ಅಡ್ಡ ಹೋಗಿ ನಿಂತರು. ಮೂರೂ ಬುಟ್ಟಿಗಳನ್ನು ಮರುದಿನ ಅವರೇ ಬಿಚ್ಚಿದರು.

“ನಮ್ಮದೇ ಬೇಕು ಅಕ್ಕೋರೆ” ಎಂದರು. ತಮ್ಮ ಮನೆಯದು ಎಲ್ಲಿದೆ? ಮನೆಯೇ ಇಲ್ಲ, ಆ ಜಾಗಕ್ಕೆ ಈಗ ಬೇಲಿ. ಸರಿ, ನೆನಪಿನಿಂದ ಬರೆದು ನೋಡುತ್ತೇನೆ ಎಂದು ಕೂತರು. ಒಂದು ವಾರ ಇದ್ದಿಲಿನಲ್ಲಿ ಮಸಿ ಬರೆದರು, ಹರಿದರು. “ನೀವು ನೋಡಿದ್ರಲ್ಲ, ಎಡಕ್ಕೆ ವಾಲಿತ್ತಾ, ಬಲಕ್ಕಾ?” ಎಂದು ನನ್ನನ್ನು ಕೇಳಿದರು. ನನಗೆ ಹೇಗೆ ನೆನಪಿರಬೇಕು. “ದಿನಾ ಸಂಜೆ ನೋಡಿದ್ದೇನೆ, ಆಕಾರ ಬರೂದಿಲ್ಲ. ಒರೆಸಿದ್ದೂ ಕಾಣ್ತದೆ ಅಂತ ಹುಡುಗರಿಗೆ ಬೈತಿದ್ದೆ” ಎಂದು ಕೈಯ ಮಸಿ ನೋಡಿಕೊಂಡು ಕೂತರು. ಚಹಾ ಮಾಡಿ ತಂದುಕೊಟ್ಟೆ, ಬೇರೆ ಏನು ಮಾಡಲಿ.

ಕೊನೆಗೆ ಅವರು ಮಾಡಿದ್ದು ಇದು. ಒಂದು ಅಗಲದ ಹಲಗೆಗೆ ಸುಣ್ಣ ಬಳಿದು, ದೇವರ ಮೂಲೆಯಲ್ಲಿ ನಿಲ್ಲಿಸಿ, ಅದರ ಬುಡದಲ್ಲಿ ದೀಪ ಇಟ್ಟರು. ಬತ್ತಿ ದಪ್ಪ, ಎಣ್ಣೆ ಧಾರಾಳ, ಮಸಿ ಹೆಚ್ಚು ಬರಲೆಂದು. ದಿನಾ ಸಂಜೆ ವೈನಿಯ ಕೈಯಿಂದಲೇ ಹಚ್ಚಿಸಿದರು. ಬತ್ತಿಯನ್ನೂ ಅವರೇ ಹೊಸೆಯಬೇಕು. ಬೆರಳುಗಳಿಗೆ ಅದು ಮರೆತಿರಲಿಲ್ಲ. ಹಚ್ಚಿ, ಕೈಮುಗಿದು, “ಬಿಡಾರದ್ದಾಯ್ತು” ಎಂದು ಹೇಳಿ ಹೊರಡುತ್ತಿದ್ದರು. ಮಾಸ್ತರು ಬಾಗಿಲಲ್ಲಿ ಅಡ್ಡ ಕೂರುತ್ತಿದ್ದರು. ಮಳೆಗಾಲ ಪೂರ್ತಿ ಹೀಗೇ ಹೋಯಿತು. ಹಲಗೆಯ ಮೇಲೆ ಮಸಿ ನಿಧಾನವಾಗಿ ಏರಿತು.

“ಹಲಗೆಯನ್ನೇ ಗೋಡೆಗೆ ಹೊಡೆದು ಕೂರಿಸಿದ್ರಾಗೂದಿಲ್ವಾ ಮಾಸ್ತರೇ?” ಎಂದೆ ನಾನು. ಅದನ್ನೂ ನೋಡಿದರು. ವೈನಿ ಬೆರಳಿಂದ ತಟ್ಟಿ “ಇದು ಹಲಗೆ” ಎಂದರು. ನೆನಪು ಹೋಗಿತ್ತು, ಪೆದ್ದುತನ ಬಂದಿರಲಿಲ್ಲ.

ಆಮೇಲೆ ಆ ಮಸಿಯ ಫೋಟೋ ತೆಗೆದರು. ಅವರ ಕೈ ಆಗ ನಡುಗಲು ಶುರುವಾಗಿತ್ತು. ಕ್ಯಾಮರಾವನ್ನು ಪುಸ್ತಕಗಳ ಮೇಲೆ ಇಟ್ಟು, ಉಸಿರು ಬಿಗಿಹಿಡಿದು ಒತ್ತಿದರು. ಹಳೇ ಗೋಡೆಯಲ್ಲಿ ಮಸಿ ಎಷ್ಟು ದೊಡ್ಡದಿತ್ತು ಎಂದು ತೋಳು ಚಾಚಿ ಅಂದಾಜು ಮಾಡಿ, ಅಷ್ಟೇ ದೊಡ್ಡದಾಗಿ ಕಾಗದ ಕಾಗದ ಜೋಡಿಸಿ ತೊಳೆದರು. ಎಲ್ಲ ಬುಟ್ಟಿಗಳಿಗಿಂತ ದೊಡ್ಡ ಬುಟ್ಟಿ ಅದು, ಬಾಗಿಲಲ್ಲಿ ಹಿಡಿಸದೆ ಒಳಗೇ ಕಟ್ಟಬೇಕಾಯಿತು.

ಸ್ವಿಚ್ ಹಾಕಿದಾಗ ನಾನಿದ್ದೆ. ಸುಣ್ಣದ ಬಿಳುಪಿನ ನಡುವೆ ಮಸಿ ಕೆಳಗಿಂದ ಎದ್ದು ಮೇಲೆ ಮೇಲೆ ತೆಳುವಾಗಿ ಬೆಳಕಿನಲ್ಲಿ ಕರಗಿತು. ವೈನಿ ಸೆರಗು ಬಿಗಿಯುತ್ತಿದ್ದವರು ನಿಂತರು. ಬಹಳ ಹೊತ್ತು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು.

“ಇದು ಯಾರು ಹಚ್ಚಿದ್ದು?”

“ನೀನೇ” ಎಂದರು ಮಾಸ್ತರು.

“ಹೌದು. ನಾನೇ ಹಚ್ಚಿದ್ದೆ” ಎಂದು ವೈನಿ ಕೆಳಗೆ ಕೂತರು. ಕೂತವರು ಏಳಲಿಲ್ಲ. ಅವತ್ತು ನನಗೂ ಊಟ ಸೇರಿತು.

ಹೀಗೆ ಹೇಳಿದರೆ ಎಲ್ಲ ಸರಿಹೋಯಿತು ಎಂದುಕೊಂಡೀರಿ. ಎಲ್ಲಿಯ ಸರಿ. ಅಂಕೋಲೆಯ ಕರೆಂಟ್ ಹೋಗುವುದೂ ಸರಿಯಾಗಿ ಮೂರುಸಂಜೆಗೆ. ಬುಟ್ಟಿ ಆರಿತೋ, ವೈನಿ ಎದ್ದರೋ. ಒಂದು ಸಲ ಮಾಸ್ತರು ಬಲ್ಬಿನ ಬದಲು ಚಿಮಣಿ ದೀಪ ಒಳಗಿಡಲು ಹೋಗಿ ಎಣ್ಣೆ ಕಾಗದ ಭಗ್ ಎಂದು ಹತ್ತಿಕೊಂಡಿತು. ನಾನು ಕೊಡದ ನೀರು ಸುರಿದೆ. ಇಡೀ ಬುಟ್ಟಿ ಹೋಯಿತು, ಅವರ ಹುಬ್ಬೂ ಸುಟ್ಟಿತು. ಮತ್ತೆ ತೊಳೆದು, ಮತ್ತೆ ಎಣ್ಣೆ ತಿಕ್ಕಿ, ಮತ್ತೆ ಕಟ್ಟಿದರು. ಅಂದಿನಿಂದ ಕರೆಂಟ್ ಹೋದರೆ ಅವರೇ ಹೊಸ್ತಿಲ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ದಾರಿಯಲ್ಲಿ ಹೋಗುವವರು “ಏನು ಮಾಸ್ತರೇ, ಗಾಳಿಗೆ ಕೂತಿದ್ರಾ?” ಎಂದರೆ “ಹೌದು ಮಾರಾಯ, ಸೆಕೆ” ಎನ್ನುತ್ತಿದ್ದರು, ಜನವರಿಯಲ್ಲೂ.

ಹಾಗೆ ಅಡ್ಡ ಕೂತವರನ್ನು ವೈನಿ ಒಂದು ದಿನ ಬಗ್ಗಿ ನೋಡಿ ಮರ್ಯಾದೆಯಿಂದ ಕೇಳಿದ್ದು ನಾನು ಕೇಳಿಸಿಕೊಂಡಿದ್ದೇನೆ. “ನೀವು ಯಾರ ಪೈಕಿ?”

“ನಿಮ್ಮ ಪೈಕಿಯೇ” ಎಂದರು ಮಾಸ್ತರು.

“ಹಾಗಾದ್ರೆ ಒಳಗೆ ಬನ್ನಿ, ಹೊಸ್ತಿಲ ಮೇಲೆ ಕೂರಬಾರದು. ಚಾ ಕುಡಿದು ಹೋಗಿ.”

ಮಾಸ್ತರು ಒಳಗೆ ಹೋಗಿ ತಾವೇ ಚಹಾ ಮಾಡಿ, ಇಬ್ಬರೂ ಕುಡಿದರು. ಆಮೇಲೆ ವೈನಿ ಅವರನ್ನು ಬಾಗಿಲ ತನಕ ಬಂದು ಬೀಳ್ಕೊಟ್ಟರು. ಅವರು ಹೊರಗೆ ಬಂದು, ನನ್ನ ಪಾಲಿನ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು, ಮತ್ತೆ ಒಳಗೆ ಹೋದರು.

“ನಾನು ಮೊದಲು ಹೋದ್ರೆ ಸ್ವಿಚ್ ಹಾಕೂಕೆ ಒಬ್ರು ಬೇಕಲ್ಲ ಅಕ್ಕೋರೆ” ಎಂದು ಒಮ್ಮೆ ಅಂದಿದ್ದರು. “ಎಲ್ಲಿಗೆ ಹೋಗ್ತೀರಿ, ಸುಮ್ನಿರಿ” ಎಂದು ಗದರಿಸಿದೆ. ಗದರಿಸುವುದು ನನಗೆ ಬರುತ್ತದೆ.

ಕಳೆದ ವಾರ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ವೈನಿ ಪಕ್ಕದಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದರು. ಅಗಸೂರಿನಿಂದ ಅವರ ತಮ್ಮ ಬಂದ. ಅವನೂ ಈಗ ಮುದುಕನೇ. ಹೊತ್ತು ಕಂತುವ ಮುಂಚೆ ಒಯ್ದರು. ಹೆಣ ಒಯ್ಯುವಾಗ ವೈನಿ ಅಳಲಿಲ್ಲ, ಗಲಾಟೆ ಮಾಡಲಿಲ್ಲ. ಯಾರದೋ ಮನೆಯ ಕಾರ್ಯಕ್ಕೆ ಬಂದವರಂತೆ ಮೂಲೆಯಲ್ಲಿ ಕೂತಿದ್ದರು. ಇವರಿಗೆ ಏನೂ ತಿಳಿಯುವುದಿಲ್ಲ, ಒಂದು ಲೆಕ್ಕಕ್ಕೆ ಒಳ್ಳೆಯದೇ ಎಂದು ಬಂದ ಹೆಂಗಸರು ಪಿಸುಗುಟ್ಟಿದರು. ನಾನೂ ಹಾಗೇ ಅಂದುಕೊಂಡೆ.

ಒಯ್ದವರು ಇನ್ನೂ ಬಂದಿರಲಿಲ್ಲ, ಮೂರುಸಂಜೆಯಾಯಿತು. ಮಲಗಿಸಿದ್ದ ಜಾಗದಲ್ಲಿ ಯಾರೋ ಒಂದು ಹಣತೆ ಹಚ್ಚಿಟ್ಟಿದ್ದರು. ಈಗ ಏಳುತ್ತಾರೆ, ಈಗ ಸೆರಗು ಬಿಗಿಯುತ್ತಾರೆ. ಮಾಸ್ತರು ಇಲ್ಲ, ಹೊಸ್ತಿಲು ಖಾಲಿ. ನಾನು ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತೆ. ಕರೆಂಟ್ ಇತ್ತು. ವೈನಿ ಏಳಲಿಲ್ಲ. ಹೊರಗೆ ಕತ್ತಲಾಯಿತು, ಆಗಲೂ ಏಳಲಿಲ್ಲ. ಕೊನೆಗೆ ನಾನೇ ತಡೆಯಲಾರದೆ ಕೇಳಿದೆ.

“ವೈನಿ, ದೀಪ ಹಚ್ಚೂದಿಲ್ವಾ ಇವತ್ತು?”

ನನ್ನನ್ನು ನೋಡಿದರು. ಎಷ್ಟೋ ವರ್ಷದ ಮೇಲೆ ಹಳೇ ವೈನಿ ನೋಡಿದ ಹಾಗೆ ನೋಡಿದರು, ತಿಳಿಯದವಳಿಗೆ ತಿಳಿಸಿ ಹೇಳುವ ಹಾಗೆ.

“ಸೂತಕದ ಮನೇಲಿ ದೇವ್ರಿಗೆ ದೀಪ ಹಚ್ತಾರಾ ತಂಗಿ? ಯಜಮಾನ್ರು ಹೋದ ಮನೆ ಇದು. ಸೂತಕ ಕಳೀಲಿ.”

ಮನೆ ಎಂದರು. ನಾನು ಸ್ವಿಚ್ಚಿನಿಂದ ಕೈ ತೆಗೆದೆ. ಅವರ ಹತ್ತಿರ ಹೋಗಿ ಕೂತೆ. ಒಂದು ಗೋಡೆಗಾಗಿ ಆ ಮನುಷ್ಯ ಎಷ್ಟು ಎಣ್ಣೆ ತಿಕ್ಕಿದರು, ಎಷ್ಟು ಸಂಜೆ ಹೊಸ್ತಿಲ ಮೇಲೆ ಕೂತರು. ಈ ಜಾಗ ವೈನಿಗೆ ಮನೆಯಾಗಲಿ ಎಂಬುದೊಂದೇ ಅವರಿಗೆ ಬೇಕಾದದ್ದು. ಆಯಿತು. ಕೇಳಲು ಅವರೇ ಇಲ್ಲ.

ಅಂದಿನಿಂದ ವೈನಿ ಸಂಜೆ ಹೊರಗೆ ಹೋಗಿಲ್ಲ. ಬುಟ್ಟಿ ಆರಿಯೇ ಇದೆ, ಹಗಲಿನ ಜಿಡ್ಡು ಕಾಗದ. ಬತ್ತಿ ಮಾತ್ರ ದಿನಾ ಹೊಸೆದು ಡಬ್ಬಿಗೆ ಹಾಕುತ್ತಾರೆ. ವೈನಿಯ ತಮ್ಮ ದಿನಾ ನನ್ನ ಜಗಲಿಗೆ ಬಂದು ಕೂರುತ್ತಾನೆ. “ನಾ ಕರ್ಕಂಡು ಹೋಗ್ತೆ ಅಕ್ಕೋರೆ, ಇಲ್ಲ ಅನ್ನೂದಿಲ್ಲ. ಆದ್ರೆ ಅಲ್ಲಿ ಮನೆ ಎದುರಿಗೇ ಹೊಳೆ. ಮೂರುಸಂಜೆಗೆ ಎದ್ದು ಹೊರಟ್ರೆ?” ಎನ್ನುತ್ತಾನೆ. ಇಲ್ಲಿ ಹೆದ್ದಾರಿ, ಅಲ್ಲಿ ಹೊಳೆ. ನಾನು ಅವನಿಗೂ ಚಹಾ ಮಾಡಿಕೊಡುತ್ತೇನೆ. ಶಾಲೆಯಲ್ಲಿ ನನಗೆ ಇನ್ನು ಎರಡು ವರ್ಷ ಸರ್ವೀಸು ಇದೆ, ಸಂಜೆ ವಿಶೇಷ ತರಗತಿ ಬೇಡವೆಂದು ಕೇಳಿಕೊಂಡಿದ್ದೇನೆ.

ಸೂತಕ ಕಳೆಯಲು ಇನ್ನು ನಾಲ್ಕು ದಿನ. ಐದನೆಯ ದಿನ ಮೂರುಸಂಜೆಗೆ ನಾನು ಸ್ವಿಚ್ಚಿನ ಹತ್ತಿರ ನಿಲ್ಲಬೇಕೋ, ಬಾಗಿಲ ಹತ್ತಿರ ನಿಲ್ಲಬೇಕೋ, ಹೇಳುವವರು ಯಾರೂ ಇಲ್ಲ.